ಸುಮ್ನ ಕುಂತೀನಿ ಅನ್ನಬೇಡಿರಿ

ಪ್ರಾಂತ ಶಕೆ ತೊಂಬತ್ತೆರಡು, ಎರಡನೇ ಬೇಸಿಗೆಯ ಇಳಿಪಕ್ಷ, ಸೋಮವಾರ ಮಧ್ಯಾಹ್ನ
ನೆರಳೋಣಿ, ಗುಳೇದಗುಡ್ಡ

ನಮಗಿಂತ ಮೊದಲು ಈ ಓಣಿಯಲ್ಲಿ ಬಾಳುತ್ತಿರುವ ಹಿರಿಯರಿಗೆ, ಈ ಹೊತ್ತು ತಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿರುವ ಎಲ್ಲರಿಗೆ, ನೀಲಗಂಗಾ ಮಗ್ಗದ ಎಂಬವಳು ಮಾಡುವ ಶರಣು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಅದು ಇನ್ನೂ ಅಚ್ಚಾಗಿಲ್ಲ. ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ ಎಂದು ಕೇಳಿದ್ದೇನೆ. ನಮಗೆ ಎರಡು, ನಡುವೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಮಾತಿನಲ್ಲಿ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಮಕ್ಕಳಿಗೆ ಕನ್ನಡ ಕಲಿಸಿದವಳು, ಒಂದೊಂದನ್ನೂ ಬಿಡಿಸಿ ಹೇಳುವ ಚಟ ಇನ್ನೂ ಹೋಗಿಲ್ಲ. ಆದರೆ ಇವತ್ತು ನನ್ನ ಮನಸ್ಸು ನೆಟ್ಟಗಿಲ್ಲ. ಬಿಸಿಲು ಇಳಿಯುವ ಮೊದಲು ಎದುರುಮನೆಯ ತೋಟವ್ವನಿಗೆ ಸರ್ಕಾರದ ಕೊನೆಯ ಕೇಳಿಕೆ, ಎಂದರೆ ಕೊನೆಯ ಪ್ರಶ್ನೆ, ಆಗುತ್ತದೆ. ಒಂದೇ ಒಂದು ಮಾತು ತಪ್ಪಿ ಹೇಳಿದರೆ ಅವಳನ್ನು ಇಲ್ಲಿಂದ ಒಯ್ಯುತ್ತಾರೆ. ಅವಳು ಹೋದರೆ ನನ್ನ ಗಂಡ ಉಳಿಯುವುದಿಲ್ಲ. ಇದನ್ನು ತಡೆಯುವುದು ಇಲ್ಲಿ ಯಾರ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಹಿಂದಕ್ಕೆ ಹೋಗುವ ಅಂಚೆ, ನಮ್ಮ ಮಲಪ್ರಭಾ ಪ್ರಾಂತ ಸರ್ಕಾರ ಎಪ್ಪತ್ತು ದಾಟಿದವರಿಗೆ ಕೊಟ್ಟಿರುವ ಸವಲತ್ತುಗಳಲ್ಲಿ ಒಂದು. ಬರೆದು ಅಂಚೆಯ ಗೂಡಿಗೆ ಹಾಕಿದರೆ ಕಾಗದ ಹಿಂದಿನವರ ಕಾಲಕ್ಕೆ ಹೋಗಿ ಬೀಳುತ್ತದೆಯಂತೆ. ಉತ್ತರ ಬರುವ ವ್ಯವಸ್ಥೆ ಇಲ್ಲ, ಆದ್ದರಿಂದ ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಮ್ಮ ಓಣಿಯವರು ಹೆಚ್ಚಾಗಿ ಮುತ್ತಜ್ಜಿಯರಿಗೆ ಬರೆದು ಶೇಂಗಾ ಹೋಳಿಗೆಯ ಹದ ಕೇಳುತ್ತಾರೆ. ನಮ್ಮ ಹಿತ್ತಲಿನಾಚೆಯ ಮನೆಯವರು ಹೊಲ ಮಾರಬೇಡವೆಂದು ತಮ್ಮ ಅಜ್ಜನಿಗೆ ಮೇಲಿಂದ ಮೇಲೆ ಬರೆಯುತ್ತಾರೆ, ಹೊಲ ಮಾತ್ರ ಇವತ್ತಿಗೂ ಬೇರೆಯವರ ಹೆಸರಿನಲ್ಲೇ ಇದೆ. ಅದನ್ನು ನೋಡಿದಾಗೆಲ್ಲ ನನ್ನ ಕೈ ಸೋಲುತ್ತದೆ. ಆದರೂ ಬರೆಯದೆ ಬೇರೆ ದಾರಿ ಕಾಣದು. ಸರ್ಕಾರಕ್ಕೆ ಕಾಗದ ಮುಟ್ಟುವ ಚಿಂತೆ ಇಲ್ಲ. ಬೆರಳು ಆಡುತ್ತದೆ, ನೆನಪು ಆಡುತ್ತದೆ, ಆದ್ದರಿಂದ ಬರೆಯುವುದು ಅವರ ಪ್ರಕಾರ ಚಟುವಟಿಕೆ.

ನಮ್ಮ ಓಣಿಯನ್ನು ಸ್ವಲ್ಪ ತೋರಿಸುತ್ತೇನೆ, ಗುರುತು ಸಿಗಬಹುದು. ನಿಮ್ಮ ಕುಣಿಮಗ್ಗಗಳು, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಅವೇ ಮಗ್ಗಗಳು, ಈಗಲೂ ಕೆಲವು ಮನೆಗಳಲ್ಲಿವೆ. ಕುಪ್ಪಸದ ಖಣ ತೊಡುವವರು ಈಗಿಲ್ಲ, ನೇಯುವುದು ನೆರಳುಬಟ್ಟೆ. ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ನೂಲಿನ ಅಗಲವಾದ ಪಟ್ಟಿ ಅದು, ಮಾಳಿಗೆಯಿಂದ ಮಾಳಿಗೆಗೆ ಬಿಗಿದು ಓಣಿಗೆಲ್ಲ ಚಪ್ಪರ ಮಾಡುತ್ತೇವೆ. ಅಂಚಿಗೆ ಮಾತ್ರ ನಮ್ಮವರು ಹಟ ಹಿಡಿದು ಹಳೆಯ ಖಣದ ಹೂಬಳ್ಳಿಯನ್ನೇ ಹಾಕುತ್ತಾರೆ, ಅದರ ನೆರಳು ನೆಲದ ಮೇಲೆ ಬಿದ್ದಾಗ ಮಕ್ಕಳು ಹೂವು ತುಳಿಯದಂತೆ ಜಿಗಿಯುವ ಆಟ ಆಡುತ್ತಾರೆ. ದುಡಿಯುವ ವಯಸ್ಸಿನವರು ನಸುಕಿನಲ್ಲೇ ಬಿಸಿಲುಹೊಲಕ್ಕೆ ಹೋಗುತ್ತಾರೆ. ಬಿಸಿಲು ಹಿಡಿದು ವಿದ್ಯುತ್ ಮಾಡುವ ಬಯಲಿಗೆ ನಾವು ಹಾಗೆನ್ನುತ್ತೇವೆ. ಅವರ ಮಕ್ಕಳೆಲ್ಲ ತೋಟವ್ವನ ಕಟ್ಟೆಯ ಸುತ್ತ ಬೆಳೆಯುತ್ತವೆ.

ತೋಟವ್ವನ ವಯಸ್ಸು ಕೇಳಿದರೆ "ನಿಮ್ಮವ್ವಗಿಂತ ದೊಡ್ಡಾಕಿ" ಎಂದು ಎಲ್ಲರಿಗೂ ಒಂದೇ ಉತ್ತರ. ಸ್ವಂತ ಮಕ್ಕಳಿಲ್ಲ, ಹಾಗೆಂದು ಅವಳಿಗೆ ಯಾರೂ ನೆನಪಿಸಬೇಕಾಗಿ ಬಂದಿಲ್ಲ. ತೊಡೆಯ ಮೇಲೆ ಒಂದು ಕೂಸು, ಮುಂದೆ ಹುಣಸೆಹಣ್ಣಿನ ಬುಟ್ಟಿ, ಕಣ್ಣು ಮಾತ್ರ ಓಣಿಯ ಈ ತುದಿಯಿಂದ ಆ ತುದಿಗೆ. ಯಾರ ಬಾಗಿಲು ಹೊತ್ತೇರಿದರೂ ತೆರೆದಿಲ್ಲ, ಯಾವ ಬಸುರಿಯ ಮುಖ ಬಾಡಿದೆ, ಯಾವ ಹುಡುಗ ನೀರಿನ ತೊಟ್ಟಿಯ ಹತ್ತಿರ ಬಾಗಿದ್ದಾನೆ, ಅವಳಿಗೆ ಕುಳಿತಲ್ಲೇ ಕಾಣುತ್ತದೆ. ಜಗಳ ಹತ್ತಿದರೆ ಅವಳು ಬುದ್ಧಿ ಹೇಳುವುದಿಲ್ಲ. ಇಬ್ಬರನ್ನೂ ಕರೆದು ಒಬ್ಬಳಿಗೆ ನೀರು ತಾ ಎನ್ನುತ್ತಾಳೆ, ಇನ್ನೊಬ್ಬಳಿಗೆ ಕೂಸು ಹಿಡಿ ಎನ್ನುತ್ತಾಳೆ. ಕೂಸನ್ನು ಎತ್ತಿಕೊಂಡವಳು ಹೇಗೆ ಬೈದಾಳು. ಇದನ್ನೆಲ್ಲ ಮಾಡಿ, ಯಾರಾದರೂ ದಾರಿಯಲ್ಲಿ ಹೋಗುವವರು ಏನು ಮಾಡುತ್ತಿದ್ದೀ ಎಂದರೆ "ಏನಿಲ್ಲವಾ, ಸುಮ್ನ ಕುಂತೀನಿ" ಎನ್ನುತ್ತಾಳೆ. ನೀವೂ ಹಾಗೇ ಅನ್ನುತ್ತೀರಿ, ನನಗೆ ಗೊತ್ತು. ಅದೇ ನಮ್ಮ ಕುತ್ತಿಗೆಗೆ ಬಂದಿದೆ.

ಸರ್ಕಾರವನ್ನು ಸುಮ್ಮಸುಮ್ಮನೆ ಬೈಯುವವಳಲ್ಲ ನಾನು. ನನ್ನ ಎರಡು ಮೊಣಕಾಲೂ ಪ್ರಾಂತ ಸರ್ಕಾರದವು, ಕಿವಿಯೊಳಗಿನ ಗುಂಡಿಯೂ ಅವರದೇ. ಕ್ರಿಯಾಶೀಲ ಮುಪ್ಪಿನ ನೀತಿ ಎಂದು ಅದಕ್ಕೆ ಹೆಸರು. ಮುದುಕರು ಮೂಲೆ ಸೇರಬಾರದು, ಓಡಾಡಬೇಕು, ಕಲಿಯಬೇಕು, ನಾಲ್ಕು ಜನರ ನಡುವೆ ಇರಬೇಕು ಎಂಬುದು ಅದರ ಆಸೆ, ಒಳ್ಳೆಯ ಆಸೆಯೇ. ತಗ್ಗು ಮೆಟ್ಟಿಲಿನ ಬಸ್ಸು ಬಂತು. ಗುಡ್ಡದ ಸುತ್ತ ನೆರಳಿನ ಹಾದಿ ಆಯಿತು. ಸಂಜೆ ಶಾಲೆಗಳಲ್ಲಿ ಮುದುಕರಿಗೆ ತಬಲಾ, ಈಜು, ನಕ್ಷತ್ರ ನೋಡುವುದು, ಏನು ಬೇಕೋ ಕಲಿಸುತ್ತಾರೆ. ನೀತಿ ಬರೆದವರಿಗೆ ತಮ್ಮ ತಾಯಿ ತಂದೆ ನೆನಪಿದ್ದಿರಬೇಕು. ಅವರಲ್ಲಿ ಕೆಟ್ಟವರು ಒಬ್ಬರಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ, ಅವರ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

ಕುತ್ತು ಇರುವುದು ಕೇಳುಬಳೆಯಲ್ಲಿ. ಎಪ್ಪತ್ತು ತುಂಬಿದವರ ಮುಂಗೈಗೆ ತೊಡಿಸುವ ಬಳೆ ಅದು, ಬೆಳಿಗ್ಗೆ ಒಮ್ಮೆ ಹೊತ್ತಿಳಿಯುವಾಗ ಒಮ್ಮೆ ಏನು ಮಾಡುತ್ತಿದ್ದೀರಿ ಎಂದು ಕೇಳುತ್ತದೆ. ನಮ್ಮ ಭಾಷೆಯಲ್ಲಿ ಕೇಳುವುದಕ್ಕೆ ಎರಡು ಅರ್ಥ. ಈ ಬಳೆ ಪ್ರಶ್ನೆ ಕೇಳುತ್ತದೆ, ಉತ್ತರ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಮೊದಮೊದಲು ಅದು ಕೈಯ ಅಲುಗಾಟ ಅಳೆಯುತ್ತಿತ್ತು, ಸಾಕಷ್ಟಿದ್ದರೆ ಹಸಿರಾಗುತ್ತಿತ್ತು. ಜನ ಅದನ್ನು ಆಡಿನ ಕೊರಳಿಗೆ, ಕೂಸಿನ ತೊಟ್ಟಿಲಿಗೆ ಕಟ್ಟಿ ಹಸಿರು ಮಾಡಿಕೊಂಡರು. ಆಗ ಸರ್ಕಾರ ಅಲುಗಾಟ ಬಿಟ್ಟು ಬಾಯಿಮಾತನ್ನೇ ನಂಬುವ ತೀರ್ಮಾನ ಮಾಡಿತು, ಅದೂ ಅವರವರ ಸ್ವಂತ ದನಿಯಲ್ಲಿ. ಬಳೆಯ ಒಡಲು ಸಣ್ಣದು, ಇಡೀ ವಾಕ್ಯ ತುಂಬಿಕೊಳ್ಳಲು ಜಾಗವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕೊನೆಯ ಪದ ಹಿಡಿದರೆ ಮನುಷ್ಯ ಏನು ಮಾಡುತ್ತಿದ್ದಾನೆಂದು ತಿಳಿಯುತ್ತದೆ ಎಂದು ಅದನ್ನು ಮಾಡಿದ ಜಾಣರು ಲೆಕ್ಕ ಹಾಕಿದರು. ವ್ಯಾಕರಣದ ಪ್ರಕಾರ ಅವರು ಹೇಳಿದ್ದು ಸರಿ. ನಾನೂ ಮಕ್ಕಳಿಗೆ ಅದನ್ನೇ ಕಲಿಸಿದ್ದು.

ಆದರೆ ಅವರು ನಮ್ಮ ಕಡೆಯ ಮುದುಕಿಯರ ಮಾತು ಕೇಳಿದವರಲ್ಲ. ನಮ್ಮಲ್ಲಿ ಕೌದಿ ಹೊಲಿಯುವವಳು ಹೊಲಿಯುತ್ತೇನೆ ಎನ್ನುವುದಿಲ್ಲ, "ಕೌದಿ ಹೊಲಕೋತ ಕುಂತೀನಿ" ಎನ್ನುತ್ತಾಳೆ. ಹುಣಸೆ ಬಿಡಿಸುವವಳು "ಹುಣಸಿ ಬಿಡಿಸ್ಕೋತ ಕುಂತೀನಿ" ಎನ್ನುತ್ತಾಳೆ. ಮೊಮ್ಮಗನ ಜ್ವರಕ್ಕೆ ಹಗಲೆಲ್ಲ ಒದ್ದೆಬಟ್ಟೆ ಹಾಕಿದವಳೂ ಕೊನೆಗೆ ಕುಂತೀನಿ ಎಂದೇ ಮಾತು ಮುಗಿಸುತ್ತಾಳೆ. ತಾನು ಮಾಡುವ ಕೆಲಸವನ್ನು ತಾನೇ ದೊಡ್ಡದು ಮಾಡಿ ಹೇಳಿದರೆ ಬಡಾಯಿ ಎಂದು ನಾಚಿಕೆ. ಆ ನಾಚಿಕೆಯಿಂದ ಎಲ್ಲ ಕೆಲಸವನ್ನೂ ಒಯ್ದು ಒಂದು ಕುಂತೀನಿಯ ಕೆಳಗೆ ಮುಚ್ಚಿಡುತ್ತೇವೆ. ಬಳೆಗೆ ಕೇಳಿಸುವುದು ಆ ಮುಚ್ಚಳ ಮಾತ್ರ. ಕೆಲವು ತಿಂಗಳು ಹಾಗೇ ಕೇಳಿಸಿದರೆ ಬಳೆಯ ಹಸಿರು ಹೋಗಿ ಬೂದಿಬಣ್ಣ ಬರುತ್ತದೆ, ತೊಟ್ಟವರನ್ನು ನಿಶ್ಚಲರು ಎಂದು ಕರೆಯುತ್ತಾರೆ. ಆಮೇಲೆ ಒಂದು ಕೊನೆಯ ಕೇಳಿಕೆ, ಅದರಲ್ಲೂ ತಪ್ಪಿದರೆ ಚಲನಧಾಮ.

ಚಲನಧಾಮದಿಂದ ಯಾರೂ ತಿರುಗಿ ಬರುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ಬರುತ್ತಾರೆ. ನನ್ನ ಗಂಡ ಬಂದಿದ್ದಾರೆ. ಗದಿಗೆಪ್ಪ ಎಂದರೆ ನೆರಳುಬಟ್ಟೆಗೆ ಹೂಬಳ್ಳಿ ಅಂಚು ಹಾಕುವುದರಲ್ಲಿ ಈ ಊರಿನಲ್ಲೇ ಎತ್ತಿದ ಕೈ. ನೇಕಾರರ ಮಾತಿನಲ್ಲಿ ಮಗ್ಗಕ್ಕೆ ಕೂರುವುದು ಎಂದರೆ ನೇಯುವುದು, ಬೇರೆ ಅರ್ಥವೇ ಇಲ್ಲ. ಬಳೆ ಕೇಳಿದಾಗೆಲ್ಲ ಅವರು ಲಾಳಿ ಎಸೆಯುತ್ತಲೇ "ಮಗ್ಗಕ್ಕ ಕುಂತೀನಿ" ಎಂದರು. ಒಂದು ಮುಂಜಾನೆ ಬಿಳಿ ಗಾಡಿ ಬಂತು. ನಾವು ಏನೋ ತಪ್ಪಾಗಿದೆ, ಸಂಜೆಗೆ ಬಿಡುತ್ತಾರೆ ಎಂದುಕೊಂಡು ಬುತ್ತಿ ಸಹ ಕಟ್ಟಿಕೊಡಲಿಲ್ಲ.

ಅಲ್ಲಿ ಹೊಡೆಯುವುದಿಲ್ಲ, ಬೈಯುವುದಿಲ್ಲ, ಊಟ ಚೆನ್ನಾಗಿಯೇ ಇರುತ್ತದೆಯಂತೆ. ಕೂರಲು ಜಾಗ ಮಾತ್ರ ಇಲ್ಲ. ನೆಲ ಮೆಲ್ಲಗೆ ಸರಿಯುತ್ತಿರುತ್ತದೆ, ಅದರ ಮೇಲೆ ನಡೆಯುತ್ತಲೇ ಉಣ್ಣಬೇಕು, ನಡೆಯುತ್ತಲೇ ಹಾಡಬೇಕು, ಚಪ್ಪಾಳೆ ತಟ್ಟಬೇಕು. ಸಿಹಿ ದನಿಯೊಂದು ಭೇಷ್ ಭೇಷ್ ಎನ್ನುತ್ತಿರುತ್ತದೆ. ಅವರು ಹಸಿರು ಬಳೆ ತೊಟ್ಟು, ಕೊರಳಿಗೆ ಹಾರ ಹಾಕಿಸಿಕೊಂಡು ಮನೆಗೆ ಬಂದರು. ಅಂದಿನಿಂದ ಕೂರುವುದಿಲ್ಲ. ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ತಿರುಗುತ್ತಾರೆ. ಕುಂದರ್ರಿ ಎಂದರೆ ಬೆದರಿ ಚಪ್ಪಾಳೆ ತಟ್ಟುತ್ತಾರೆ. ಮಲಗಿದಾಗಲೂ ಅವರ ಕಾಲುಗಳು ಹೊದಿಕೆಯೊಳಗೆ ಆಡುತ್ತಿರುತ್ತವೆ. ಅಂಗಾಲು ಒಡೆದು ನೆಲದ ಮೇಲೆ ಕಲೆ ಬೀಳುತ್ತದೆ, ನಾನು ಒರೆಸುತ್ತೇನೆ. ಹೀಗೇ ನಡೆದರೆ ಎದೆ ತಡೆಯುವುದಿಲ್ಲ ಎಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿದ್ದೇನೆ, ಅವರು ತಿರುಗುವಾಗ ಅದರೊಳಗೆ ಬೀಳಬಾರದಲ್ಲ.

ಅವರು ಕೂರುವುದು ಒಂದೇ ಕಡೆ, ತೋಟವ್ವನ ಕಟ್ಟೆಯ ಮೇಲೆ. ಅವಳು ಕುಂದರು ಎನ್ನುವುದೇ ಇಲ್ಲ. ಹೋಗುವಾಗ ಬರುವಾಗ ನೋಡಿ, "ತಮ್ಮಾ, ಈ ಕೂಸು ಒಂಚೂರು ಹಿಡಿ, ಕೈ ಸೋತಾವು" ಎನ್ನುತ್ತಾಳೆ. ಅವರು ಕೂಸನ್ನು ಎತ್ತಿಕೊಳ್ಳುತ್ತಾರೆ, ಅದು ಅಳುತ್ತದೆ, ನಿಂತು ತೂಗುತ್ತಾರೆ, ಆಮೇಲೆ ತಮಗೇ ತಿಳಿಯದೆ ಕೂರುತ್ತಾರೆ. ಕೂಸು ಮಲಗಿದರೆ ಅದನ್ನು ಎಬ್ಬಿಸಬಾರದೆಂದು ಹಾಗೇ ಇರುತ್ತಾರೆ. ಮೊದಲ ಸಲ ಇದನ್ನು ಕಂಡ ದಿನ ನಾನು ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡು ಅತ್ತೆ. ನಾನೂ ಅದೇ ಉಪಾಯ ಮಾಡಿ ನೋಡಿದ್ದೇನೆ, ಬೇರೆ ಕಟ್ಟೆಯ ಮೇಲೆ, ಅದೇ ಕೂಸನ್ನು ಕೊಟ್ಟು. ನನ್ನ ದನಿಯಲ್ಲಿ ಗಾಬರಿ ಇರುತ್ತದೆ, ಅವರಿಗೆ ಅದು ಗೊತ್ತಾಗಿಬಿಡುತ್ತದೆ. ತೋಟವ್ವನಲ್ಲಿ ಗಾಬರಿ ಇಲ್ಲ. ಅವಳಿಗೆ ನಿಜವಾಗಿಯೂ ಕೈ ಸೋತಿರುತ್ತವೆ.

ಕಳೆದ ತಿಂಗಳು ಅವಳ ಬಳೆ ಬೂದಿಯಾಯಿತು. ನಾನು ತಾಲ್ಲೂಕಿನ ಹಿರಿಯರ ಅಧಿಕಾರಿಯ ಮುಂದೆ ಹೋಗಿ ಕೈಮುಗಿದೆ. ಒಳ್ಳೆಯ ಮನುಷ್ಯ, ಕಡಲ ಕಡೆಯವನು, ನನಗೆ ಕುರ್ಚಿ ಕೊಟ್ಟು ತಾನು ನಿಂತು ಮಾತಾಡಿದ. ಓಣಿಯವರೇ ಸಾಕ್ಷಿ ಹೇಳಲಿ, ಬರೆದುಕೊಳ್ಳುತ್ತೇನೆ ಎಂದು ತಾನೇ ಇಲ್ಲಿಗೆ ಬಂದ. ನಾನು ಮನೆಮನೆಗೆ ಹೋಗಿ ಎಲ್ಲರನ್ನೂ ಕೂಡಿಸಿದೆ. ತೋಟವ್ವ ಎಂಥವಳು ಎಂದು ಅವನು ಕೇಳಿದ. ನಮ್ಮವರಿಗೆ ಅವಳ ಮೇಲಿದ್ದ ಪ್ರೀತಿಯೆಲ್ಲ ಬಾಯಿಗೆ ಬಂತು. "ಭಾಳ ಚೊಲೋ ಹೆಣಮಗಳ್ರಿ, ಯಾರಿಗೂ ಒಂದು ತ್ರಾಸ ಇಲ್ಲ, ತನ್ನ ಪಾಡಿಗೆ ತಾ ಸುಮ್ನ ಕುಂತಿರ್ತಾಳ" ಎಂದಳು ಮೊದಲನೆಯವಳು. ಎರಡನೆಯವನು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದ. ಅವಳು ಎತ್ತಿ ಆಡಿಸಿದ ಮಕ್ಕಳು, ಈಗ ತಾವೇ ತಾಯಂದಿರಾದವರು, ಕಣ್ಣಲ್ಲಿ ನೀರು ತಂದುಕೊಂಡು ಸುಮ್ನ ಕುಂತಿರ್ತಾಳ್ರಿ, ಸುಮ್ನ ಕುಂತಿರ್ತಾಳ್ರಿ ಎಂದರು. ನಮ್ಮಲ್ಲಿ ಒಬ್ಬರನ್ನು ಇದಕ್ಕಿಂತ ಹೆಚ್ಚು ಹೊಗಳುವ ಮಾತು ಇಲ್ಲ. ಅಧಿಕಾರಿ ನನ್ನ ಮುಖ ನೋಡಿದ. ನಾನು ನಡುವೆ ಬಾಯಿ ಹಾಕಿದೆ, ಅರ್ಥ ಬಿಡಿಸಿ ಹೇಳಿದೆ, ಕರಿಹಲಗೆಯ ಮುಂದೆ ನಿಂತ ಮೇಷ್ಟರಂತೆ ಕೈಕಾಲು ಆಡಿಸಿದೆ. ಸಾಕ್ಷಿ ಅವರದ್ದು, ವಿವರಣೆ ನಿಮ್ಮದು ಅಮ್ಮಾ ಎಂದು ತಲೆ ತಗ್ಗಿಸಿ ಹೋದ.

ಅಂದಿನಿಂದ ಅವಳಿಗೆ ಪಾಠ ನಡೆಸಿದ್ದೇನೆ. ಬಳೆ ಕೇಳಿದಾಗ "ಮಕ್ಕಳನ್ನ ನೋಡ್ಕೋತೀನಿ" ಎನ್ನು, ಅಲ್ಲಿಗೆ ಬಾಯಿ ಮುಚ್ಚು, ಮುಂದೆ ಒಂದು ಅಕ್ಷರ ಬೇಡ ಎಂದು ಹೇಳಿಕೊಡುತ್ತೇನೆ. ಅವಳಿಗೆ ಸಂಕೋಚ. "ಮಕ್ಕಳನ್ನ ನೋಡೂದು ಒಂದು ಕೆಲಸೇನ ನೀಲಾ, ಕಣ್ಣಿದ್ದಾರೆಲ್ಲಾ ನೋಡ್ತಾರ" ಎನ್ನುತ್ತಾಳೆ. ಹಾಗಾದರೆ ಹುಣಸೆ ಬಿಡಿಸುತ್ತೇನೆ ಎನ್ನು ಎಂದರೆ, ಬಿಡಿಸುವುದು ಮುಗಿದ ಮೇಲೆ ಕೇಳಿದರೆ ಸುಳ್ಳಾಗುತ್ತದಲ್ಲ ಎನ್ನುತ್ತಾಳೆ. ಬಳೆ ಅವಳ ಪಾಲಿಗೆ ಎಲ್ಲೋ ದೂರದಲ್ಲಿ ಒಬ್ಬನೇ ಕುಳಿತಿರುವ ಯಾರದೋ ಮಗ. ಅದು ಪ್ರಶ್ನೆ ಕೇಳಿದರೆ ಉತ್ತರ ಹೇಳಿ, "ನಿಂದು ಊಟ ಆತೇನಪಾ" ಎಂದು ತಿರುಗಿ ಕೇಳುತ್ತಾಳೆ. ನನಗೆ ಸಿಟ್ಟು ಬಂದು ಒಂದು ದಿನ ಕೂಗಾಡಿಬಿಟ್ಟೆ. ಮಕ್ಕಳೆಲ್ಲ ಆಟ ನಿಲ್ಲಿಸಿ ನೋಡಿದವು. ಅವಳು ಮೆಲ್ಲಗೆ, "ಅಕಿಗೆ ನೀರು ಕೊಡ್ರಿ" ಎಂದಳು.

ಈಗ ನಿಮ್ಮಲ್ಲಿ ಬೇಡಿಕೊಳ್ಳುವ ಮಾತಿಗೆ ಬರುತ್ತೇನೆ. ನೀತಿಯ ಮುನ್ನುಡಿ ನಮಗೆಲ್ಲ ಬಾಯಿಪಾಠ, ಪ್ರಾಂತದ ಹಬ್ಬದ ದಿನ ಓದಿಸುತ್ತಾರೆ. ಬಹಳ ಹಿಂದೆ, ನಿಮ್ಮ ಕಾಲದಲ್ಲಿ, ಹಿರಿಯರು ದಿನ ಹೇಗೆ ಕಳೆಯುತ್ತಾರೆಂದು ಮನೆಮನೆಗೆ ಹೋಗಿ ಕೇಳಲಾಯಿತು, ಬಹುಪಾಲು ಹಿರಿಯರು ತಾವು ಸುಮ್ಮನೆ ಕುಳಿತಿರುತ್ತೇವೆಂದು ತಾವೇ ಒಪ್ಪಿಕೊಂಡರು, ಆದ್ದರಿಂದ ಈ ನೀತಿ ಎಂದು ಅದರಲ್ಲಿದೆ. ಯಾವ ವರ್ಷ ಎಂದು ಬರೆದಿಲ್ಲ. ನಾಳೆಯೇ ಇರಬಹುದು. ನಿಮ್ಮ ಕಟ್ಟೆಗೆ ಇಬ್ಬರು ಹುಡುಗಿಯರು ಬರುತ್ತಾರೆ, ಬಿಸಿಲಲ್ಲಿ ಬೆವತಿರುತ್ತಾರೆ, ನೀವು ಮಜ್ಜಿಗೆ ಕೊಡುತ್ತೀರಿ. ಸೊಸೆ ಕೆಲಸಕ್ಕೆ ಹೋಗಿರುತ್ತಾಳೆ, ಅವಳ ಕೂಸು ನಿಮ್ಮ ತೊಡೆಯ ಮೇಲೆ ಇರುತ್ತದೆ, ಒಲೆಯ ಮೇಲಿನ ಹಾಲಿನ ಮೇಲೆ ನಿಮ್ಮ ಕಿವಿ ಇರುತ್ತದೆ. ಆ ಹುಡುಗಿಯರು ದಿನಾ ಏನು ಮಾಡುತ್ತೀರಿ ಅಜ್ಜಿ ಎಂದು ಕೇಳುತ್ತಾರೆ. ನಿಮ್ಮ ಪಾದ ಹಿಡಿದು ಬೇಡುತ್ತೇನೆ, ಆಗ ಸುಮ್ನ ಕುಂತೀನಿ ಅನ್ನಬೇಡಿರಿ. ನಾಚಿಕೆ ಬಿಟ್ಟು ಹೇಳಿ. ಕೂಸನ್ನು ಸಾಕುತ್ತೇನೆ, ಓಣಿ ಕಾಯುತ್ತೇನೆ, ಜಗಳ ಬಿಡಿಸುತ್ತೇನೆ, ಗಂಡ ಸತ್ತವಳ ಜೊತೆ ಮಾತಿಲ್ಲದೆ ಇರುತ್ತೇನೆ, ಅದೂ ಕೆಲಸ ಎಂದು ಹೇಳಿ. ಬಡಾಯಿ ಎನಿಸಿದರೂ ಎನಿಸಲಿ, ಅವರು ಎದ್ದು ಹೋಗುವವರೆಗೆ ಹೇಳಿ. ನಿಮ್ಮಲ್ಲಿ ಯಾರ ಮಗನೋ ಮಗಳೋ ಅಂಥ ನೀತಿಯ ಕರಡು ಬರೆಯುವ ಕೆಲಸದಲ್ಲಿದ್ದರೆ ಇದನ್ನೂ ಹೇಳಿ, ಮುದುಕರನ್ನು ನೀವೇನು ಮಾಡುತ್ತೀರಿ ಎಂದು ಕೇಳಬೇಡಿ, ಇವರು ಇಲ್ಲದ ದಿನ ಇಲ್ಲಿ ಏನೇನು ನಿಂತುಹೋಗುತ್ತದೆ ಎಂದು ಓಣಿಯನ್ನು ಕೇಳಿ. ಹಾಗೆ ಕೇಳಿದರೆ ನಮ್ಮವರೂ ಸರಿಯಾಗಿ ಉತ್ತರ ಹೇಳುತ್ತಾರೆ ಎಂದು ನಾನು ನಂಬಿದ್ದೇನೆ.

ಬಿಸಿಲು ಹೂಬಳ್ಳಿಯ ಅಂಚಿನಿಂದ ಓರೆಯಾಗಿ ಬೀಳುತ್ತಿದೆ. ನಾನು ತೋಟವ್ವನ ಕಟ್ಟೆಯ ಈ ಕೊನೆಯಲ್ಲಿದ್ದೇನೆ, ಅವಳು ಆ ಕೊನೆಯಲ್ಲಿ. ನಡುವೆ ಗದಿಗೆಪ್ಪ, ತೊಡೆಯ ಮೇಲೆ ಕೂಸು, ಕೂಸಿಗೆ ನಿದ್ದೆ ಹತ್ತಿದೆ. ಅವರ ಕಾಲು ಆಡುತ್ತಿಲ್ಲ. ನನ್ನ ಬಳೆ ಈಗಷ್ಟೇ ಕೇಳಿತು, ಬರೆಯುತ್ತಿದ್ದೇನೆ ಎಂದೆ, ಹಸಿರಾಗಿದೆ. ಈಗ ಅವಳ ಬಳೆ ಮಿನುಗುತ್ತಿದೆ. ನಾನು ಕಾಗದದಿಂದ ಕೈ ತೆಗೆಯದೆ ಅವಳ ಮುಖ ನೋಡುತ್ತೇನೆ. ಪ್ರಶ್ನೆ ಬಂತು. ಅವಳು ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ನಿಂತ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿ, ನಾನು ಹೇಳಿಕೊಟ್ಟಷ್ಟೇ ಸ್ಪಷ್ಟವಾಗಿ "ಮಕ್ಕಳನ್ನ ನೋಡ್ಕೋತ" ಎಂದಳು. ಅಲ್ಲಿ ಒಂದು ಕ್ಷಣ ತಡೆದಳು. ತೀನಿ ಎನ್ನು ಎಂದು ನಾನು ತುಟಿ ಆಡಿಸಿದೆ. ಅವಳು ನನ್ನನ್ನು ನೋಡಿ ನಕ್ಕು, ಅದಕ್ಕೆ ಸೇರಬೇಕಾದ ಮಾತನ್ನು ತಾನಾಗಿ ಸೇರಿಸಿದಳು. "ಮಕ್ಕಳನ್ನ ನೋಡ್ಕೋತ ಸುಮ್ನ ಕುಂತೀನಪಾ. ನಿಂದು ಊಟ ಆತೇನು?"

ಬಳೆಯ ಬಣ್ಣ ಬೂದಿಯಾಗಿಯೇ ಉಳಿಯಿತು. ಮಿನುಗುವುದು ನಿಂತಿದೆ.

ಗಾಡಿ ಬರಲು ಇನ್ನು ಹೆಚ್ಚು ಹೊತ್ತಿಲ್ಲ, ಅದಕ್ಕೆ ಮೊದಲು ಇದನ್ನು ಗೂಡಿಗೆ ಹಾಕಬೇಕು. ಬುತ್ತಿ ಈ ಸಲ ಕಟ್ಟಿದ್ದೇನೆ. ತೋಟವ್ವ ಕೂಸಿನ ಮೇಲಿನ ನೊಣ ಓಡಿಸುತ್ತಾ, "ಬರೋಬರಿ ಹೇಳೀನಿಲ್ಲ, ನೀಲಾ?" ಎಂದು ಕೇಳುತ್ತಿದ್ದಾಳೆ. ಬರೋಬರಿ ಹೇಳಿದಿ ಎಂದೆ.

ನಿಮ್ಮವಳು,
ನೀಲಗಂಗಾ